ಎರಡನೆಯ ಜೋಡಿ ಮೆಮೊರಿ

"ದೀಪ ಇನ್ನೂ ಸ್ವಲ್ಪ ಹತ್ತಿರ ಹಿಡೀರಿ," ಎಂದಳು ಇನ್ಸ್‌ಪೆಕ್ಟರ್.

ಸತ್ತವರ ಮಗಳು ಮೇಜಿನ ದೀಪದ ಕತ್ತು ಬಗ್ಗಿಸಿದಳು. ಬೆಳಗಿನ ಒಂಬತ್ತಾಗಿದ್ದರೂ ಆ ಕೋಣೆಗೆ ಬಿಸಿಲು ಬಂದಿರಲಿಲ್ಲ. ಇದ್ದ ಒಂದೇ ಕಿಟಕಿಗೆ ಪಕ್ಕದ ಕಟ್ಟಡದ ಗೋಡೆ ಅಡ್ಡ ನಿಂತಿತ್ತು. ಮೇಜಿನ ಮೇಲೆ ಪಕ್ಕದ ಮುಚ್ಚಳ ಬಿಚ್ಚಿದ ಕಂಪ್ಯೂಟರ್ ಪೆಟ್ಟಿಗೆ ಮಲಗಿತ್ತು. ಒಳಗಿನ ಬೋರ್ಡಿನ ಮೇಲೆ ಬೆರಳಗಲದ ಎರಡು ಮೆಮೊರಿ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡಂತೆ ನಿಂತಿದ್ದವು.

ಹೋದ ಶನಿವಾರ ಈ ಮೇಜಿನ ಮುಂದೆಯೇ ನಿವೃತ್ತ ನಕ್ಷೆಗಾರರ ಹೆಣ ಸಿಕ್ಕಿತ್ತು. ಹೊಸ ಕಂಪ್ಯೂಟರ್ ಜೋಡಿಸುವಾಗ ಕರೆಂಟ್ ಹೊಡೆದು ಸಾವು ಎಂದು ಠಾಣೆಯ ಕಡತದಲ್ಲಿ ಬರೆದಾಗಿತ್ತು. ಇವತ್ತು ಗುರುವಾರ. ಸಂಜೆ ಐದಕ್ಕೆ ಕಡತ ಮುಚ್ಚಿ ಕಳಿಸಿ ಎಂದು ಮೇಲಿನವರ ಆದೇಶ.

ಇನ್ಸ್‌ಪೆಕ್ಟರ್‌ಗೆ ಕಂಪ್ಯೂಟರ್ ವಿದ್ಯೆ ಅಷ್ಟಕ್ಕಷ್ಟೆ. ಆದರೆ ಬರೆದಿಟ್ಟದ್ದಕ್ಕೂ ಕಣ್ಣೆದುರಿಗಿರುವುದಕ್ಕೂ ತಾಳೆ ನೋಡುವ ಕೆಲಸ ಆಕೆಗೆ ಇಪ್ಪತ್ತಾರು ವರ್ಷದಿಂದ ಅಭ್ಯಾಸ. ಆಕೆಯ ಎಡಗೈಯಲ್ಲಿ ನಕ್ಷೆಗಾರರ ನೋಟ್‌ಬುಕ್ ಇತ್ತು. ಅಚ್ಚು ಹೊಡೆದಂಥ ಅಕ್ಷರ. ಒಂದು ಮೆಮೊರಿ ಆರಿಸುವುದಕ್ಕೆ ಮನುಷ್ಯ ಹನ್ನೊಂದು ಪುಟ ಬರೆದಿದ್ದರು.

'ಈ ಬೋರ್ಡು ಐದನೇ ಪೀಳಿಗೆಯ ಮೆಮೊರಿಯನ್ನಷ್ಟೇ ತೆಗೆದುಕೊಳ್ಳುತ್ತದೆ. ನಾಲ್ಕನೆಯದಕ್ಕೆ ಕಚ್ಚು ಬೇರೆ ಕಡೆ ಇದೆ. ಬಲವಂತ ಕೂಡದು.'

'ಎರಡು ಪಟ್ಟಿ ಸಾಕು, ಆದರೆ ಒಂದೇ ಡಬ್ಬದ ಜೋಡಿಯಾಗಿರಬೇಕು. ಅಲ್ಲೊಂದು ಇಲ್ಲೊಂದು ಕೊಂಡು ಸೇರಿಸಬಾರದು.'

'ನಾಲ್ಕು ಜಾಗಗಳಲ್ಲಿ ಎರಡನೆಯದು ಮತ್ತು ನಾಲ್ಕನೆಯದು.' ಅದರ ಕೆಳಗೆ ಸ್ಕೇಲಿಟ್ಟು ಎಳೆದ ಎರಡು ಗೆರೆ.

ಇನ್ಸ್‌ಪೆಕ್ಟರ್ ಬೋರ್ಡಿನ ಕಡೆ ಬಗ್ಗಿ ಎಣಿಸಿದಳು. ಪಟ್ಟಿಗಳು ಕೂತಿದ್ದದ್ದು ಮೊದಲನೆಯ ಮತ್ತು ಎರಡನೆಯ ಜಾಗದಲ್ಲಿ.

"ನಿಮ್ಮ ತಂದೆ ತಾವು ಬರೆದದ್ದನ್ನ ತಾವೇ ಮರೆಯೋರಾ?"

"ಅಪ್ಪ ಸಾಮಾನಿನ ಚೀಟಿ ಬರೆದ್ರೂ ಎರಡು ಸಲ ಓದಿ ಸಹಿ ಹಾಕೋರು," ಎಂದಳು ಮಗಳು. ನಗು ಬರಲಿಲ್ಲ, ಅಳುವೂ ಬರಲಿಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಹೆಂಗಸು. ಹತ್ತಕ್ಕೆ ಮೊದಲ ಪಾಠವಿತ್ತು, ಕೈಚೀಲ ಆಗಲೇ ಹೆಗಲಿಗೇರಿತ್ತು. "ಬಲ್ಬ್ ಬದಲಾಯ್ಸೋಕೂ ಮೇನ್ ಆಫ್ ಮಾಡೋರು ಮೇಡಂ. ಕರೆಂಟ್ ಹೊಡೀತು ಅಂದ್ರೆ ನಾನು ಹೇಗೆ ನಂಬಲಿ? ಅದಕ್ಕೇ ನಿಮ್ಮ ಹತ್ರ ಬಂದೆ."

"ಅಷ್ಟು ಮೆಮೊರಿ ಯಾಕೆ ಬೇಕಿತ್ತು ಅವರಿಗೆ?"

"ಸೇತುವೆ ನಕ್ಷೆ ತೆರೆಯೋಕೆ."

ಇನ್ಸ್‌ಪೆಕ್ಟರ್ ನೋಟ್‌ಬುಕ್ ಕೆಳಗಿಟ್ಟಳು. ಸೇತುವೆ ಎಂದರೆ ಊರಲ್ಲಿ ಈಗ ಒಂದೇ: ರೈಲ್ವೆ ಹಳಿಯ ಮೇಲಿನ ಕಾಲುಸೇತುವೆ. ಮೂರು ತಿಂಗಳ ಹಿಂದೆ ಕುಸಿದು ಒಂಬತ್ತು ಜನ ಸತ್ತಿದ್ದರು. ಸೋಮವಾರ ವಿಚಾರಣೆ ಶುರು.

"ಅದರ ಮೂಲ ನಕ್ಷೆ ಬರೆದದ್ದು ಅಪ್ಪ," ಮಗಳು ಹೇಳಿದಳು. "ಕಂಬಕ್ಕೆ ಹಾಕಬೇಕಾದ ಕಬ್ಬಿಣದ ದಪ್ಪಾನ ಆಮೇಲೆ ಯಾರೋ ತಿದ್ದಿದಾರೆ ಅಂತಿದ್ರು. ಮೂಲದ ಪ್ರತಿ ಇವರ ಹತ್ರ ಇತ್ತು. ಒಂದೊಂದು ಹಾಳೆಯೂ ಆನೆಯಂಥದ್ದು, ಹಳೇ ಕಂಪ್ಯೂಟರಲ್ಲಿ ತೆರೆದ್ರೆ ಅಲ್ಲೇ ಹೆಣದ ಹಾಗೆ ಬಿದ್ಕೊಳ್ತಿತ್ತು."

ಕೊನೆಯ ಮಾತು ಬಾಯಿ ಜಾರಿ ಬಂದದ್ದು ಅವಳಿಗೇ ತಿಳಿಯಿತು. ತಲೆ ತಗ್ಗಿಸಿದಳು.

ಇನ್ಸ್‌ಪೆಕ್ಟರ್ ಎರಡೂ ಬದಿಯ ಕೊಕ್ಕೆ ಬಿಡಿಸಿ ಒಂದು ಪಟ್ಟಿಯನ್ನು ಮೇಲಕ್ಕೆತ್ತಿದಳು. ಅದರ ಮೈಮೇಲೆ ಸಣ್ಣ ಚೀಟಿ, ಚೀಟಿಯಲ್ಲಿ ಇರುವೆ ಸಾಲಿನಂಥ ಸಂಖ್ಯೆ. ಮೇಜಿನ ಖಾನೆಯಲ್ಲಿ ಸಿಕ್ಕಿದ ಮಂಗಳವಾರದ ಮೆಮೊರಿಯ ರಸೀದಿಯನ್ನು ಪಕ್ಕಕ್ಕಿಟ್ಟು, ಒಂದೊಂದೇ ಅಕ್ಷರದ ಮೇಲೆ ಉಗುರು ಸರಿಸುತ್ತ ಹೋದಳು.

ಕೊನೆಯ ಮೂರು ಅಕ್ಷರ ಬೇರೆ.

ನಕ್ಷೆಗಾರರು ಕೊಂಡದ್ದು ಒಂದು ಜೋಡಿ. ಇಲ್ಲಿ ಕೂತಿದ್ದು ಇನ್ನೊಂದು.

*

ಬಿಡಿಭಾಗಗಳ ಅಂಗಡಿ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಮೆಟ್ಟಿಲಿಳಿದರೆ ಎರಡೂ ಕಡೆ ಚಾವಣಿಯವರೆಗೆ ರಟ್ಟಿನ ಡಬ್ಬಗಳು. ಕಟ್ಟೆಯ ಹಿಂದೆ ನಲವತ್ತರ ಹೆಂಗಸೊಬ್ಬಳು ಹಣೆಗೆ ಭೂತಗನ್ನಡಿ ಏರಿಸಿಕೊಂಡು ಯಾವುದೋ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದಳು.

ಸಂಖ್ಯೆ ನೋಡಿದವಳೇ ಕೈಯಲ್ಲಿದ್ದದ್ದನ್ನು ಕೆಳಗಿಟ್ಟಳು.

"ನಕ್ಷೆ ಸಾರ್‌ದು," ಎಂದಳು. "ಇದು ಎರಡನೇ ಜೋಡಿ. ಮೊದಲನೇದು ನನ್ನ ಹತ್ರಾನೇ ವಾಪಸ್ ಬಂತು."

"ಮೊದಲನೇದು ಕೆಟ್ಟಿತ್ತಾ?"

"ಇಲ್ಲ. ತಪ್ಪು ನನ್ನದು." ಅವಳು ಬೆಸುಗೆ ಕಡ್ಡಿಯ ಸ್ವಿಚ್ ಆರಿಸಿದಳು. "ಸಾರ್ ಹೋದ ವಾರ ಮಂಗಳವಾರ ಬರುವಾಗಲೇ ಯಾವ ರ‍್ಯಾಮ್ ಬೇಕು ಅಂತ ಬರ್ಕೊಂಡು ಬಂದಿದ್ರು. ಅದು ನನ್ನ ಹತ್ರ ಮುಗಿದಿತ್ತು. ಅದೇ ಕಂಪನಿಯ ಬೇರೆ ಮಾದರಿ ಕೊಟ್ಟು, 'ಅದೇ ಪೀಳಿಗೆ, ಅದೇ ವೇಗ, ಎಲ್ಲಾ ಒಂದೇ ತಗೊಳ್ಳಿ ಸಾರ್' ಅಂದೆ. ಅವರಿಗೆ ಮನಸ್ಸಿರ್ಲಿಲ್ಲ. ನಾನು ಬಾಯಿ ಮಾಡಿ ಒಪ್ಪಿಸಿದೆ."

"ಒಂದೇ ಅಲ್ವಾ ಹಾಗಾದ್ರೆ?"

"ಅಳತೆ ಸರಿ ಇದ್ರೂ ಚಪ್ಪಲಿ ಕಚ್ಚೋದಿಲ್ವಾ ಮೇಡಂ? ಹಾಗೇ ಇದು. ಪಟ್ಟಿ ಕೂರುತ್ತೆ, ಕೊಕ್ಕೆ ಬೀಳುತ್ತೆ, ಆದ್ರೆ ಬೋರ್ಡಿಗೂ ರ‍್ಯಾಮಿಗೂ ಮಾತುಕತೆ ಆಗಲ್ಲ. ಬೋರ್ಡ್ ಮಾಡಿದ ಕಂಪನಿಯವ್ರು ತಾವೇ ಪರೀಕ್ಷೆ ಮಾಡಿ, ನಮಗೆ ಇಂಥಿಂಥದ್ದು ಹೊಂದುತ್ತೆ ಅಂತ ಒಂದು ಲಿಸ್ಟ್ ಹಾಕಿರ್ತಾರೆ. ನಾನು ಕೊಟ್ಟಿದ್ದು ಆ ಲಿಸ್ಟಲ್ಲಿ ಇರ್ಲಿಲ್ಲ."

"ಆಮೇಲೆ?"

"ಬುಧವಾರ ರಾತ್ರಿ ಹೊತ್ತಿಗೆ ಸಾರ್ ಎಲ್ಲಾ ಜೋಡಿಸಿ ಮುಗಿಸಿದ್ರಂತೆ. ಸ್ವಿಚ್ ಹಾಕಿದ್ರೆ ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು. ಬೋರ್ಡಲ್ಲಿ ಮೆಮೊರಿ ಪಕ್ಕ ಸಣ್ಣ ಹಳದಿ ದೀಪ. ಒಂದೊಂದೇ ಪಟ್ಟಿ ಹಾಕಿ ನೋಡಿದ್ರು, ಜಾಗ ಬದಲಾಯಿಸಿ ನೋಡಿದ್ರು. ಊಹೂಂ. ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾನು ಬಾಗಿಲು ತೆಗೆಯೋ ಮೊದಲೇ ಮೆಟ್ಟಿಲ ಮೇಲೆ ಕೂತಿದ್ರು."

ಇನ್ಸ್‌ಪೆಕ್ಟರ್ ಕೈಯ ಪೆನ್ನು ನಿಂತಿತು.

"ಒಂದು ನಿಮಿಷ. ಎಲ್ಲಾ ಜೋಡಿಸಿ ಮುಗಿಸಿದ್ರು ಅಂದ್ರಿ. ಬುಧವಾರವೇ?"

"ಜೋಡಿಸದೆ ಹೊಂದೋದಿಲ್ಲ ಅಂತ ಹೇಗೆ ಗೊತ್ತಾಗುತ್ತೆ ಮೇಡಂ?"

ಎಷ್ಟು ಸರಳ ಮಾತು. ಕಡತದಲ್ಲಿದ್ದ ಹೇಳಿಕೆ ಇನ್ಸ್‌ಪೆಕ್ಟರ್‌ಗೆ ಬಾಯಿಪಾಠವಾಗಿತ್ತು: 'ದೊಡ್ಡಪ್ಪ ಸಾಮಾನು ತಂದು ಹಾಗೇ ಇಟ್ಟಿದ್ದರು. ಶನಿವಾರ ಮಧ್ಯಾಹ್ನವೇ ಮೊದಲ ಸಲ ಜೋಡಿಸಲು ಕುಳಿತದ್ದು. ಹಾರ್ಡ್ ಡಿಸ್ಕ್ ಇನ್ನೂ ಕೊಂಡಿರಲಿಲ್ಲ.' ಹೆಣವನ್ನು ಮೊದಲು ಕಂಡ, ನಕ್ಷೆಗಾರರ ತಮ್ಮನ ಮಗ ಬರೆಸಿದ ಹೇಳಿಕೆ ಅದು.

"ಹಾರ್ಡ್ ಡಿಸ್ಕ್?"

"ಮಂಗಳವಾರವೇ ಕೊಟ್ಟಿದ್ದೆ, ಎಲ್ಲದರ ಜೊತೆಗೇ."

"ಗುರುವಾರ ಎಷ್ಟು ಹೊತ್ತು ಇದ್ರು ಇಲ್ಲಿ?"

"ಒಂದು ಗಂಟೆವರೆಗೂ. ಅವರ ರ‍್ಯಾಮನ್ನ ನನ್ನ ಯಂತ್ರಕ್ಕೆ ಹಾಕಿ ನೋಡಿದ್ವಿ, ಸಲೀಸಾಗಿ ನಡೀತು. ಆಗ ಇಬ್ಬರೂ ಆ ಲಿಸ್ಟ್ ಹುಡುಕಿದ್ವಿ. ಸಾರ್ ಇಲ್ಲೇ ಈ ಸ್ಟೂಲಿನ ಮೇಲೆ ಕೂತು ಓದಿದ್ರು. ಬೆರಳಿಟ್ಟು, ಸಾಲು ಸಾಲು. ಒಂದು ಸಲ ಎದ್ದಿದ್ದೂ ಇಲ್ಲ. ಶುಕ್ರವಾರ ನಾಲ್ಕಕ್ಕೆ ಸರಿಯಾದ ಜೋಡಿ ತರಿಸಿಕೊಟ್ಟೆ." ಅವಳು ಭೂತಗನ್ನಡಿ ಕೈಗೆ ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು, ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. "ಏಳಕ್ಕೆ ಫೋನ್ ಮಾಡಿದ್ರು. 'ಮಗು ಕಣ್ಣು ಬಿಡ್ತು ಕಣಮ್ಮ' ಅಂದ್ರು. ನನ್ನ ಬೈಯಬಹುದಿತ್ತು, ಬೈಲಿಲ್ಲ. ಮಾರನೇ ದಿನ ಸುದ್ದಿ ಬಂತು."

"ಶುಕ್ರವಾರ ಏಳಕ್ಕೆ ಮೊದಲು ಆ ಕಂಪ್ಯೂಟರಲ್ಲಿ ಯಾರಾದ್ರೂ ಏನಾದ್ರೂ ಕೆಲಸ ಮಾಡೋ ಸಾಧ್ಯತೆ ಇತ್ತಾ?"

"ಉಸಿರೇ ಇಲ್ಲದ್ದು ಏನು ಮಾಡುತ್ತೆ ಮೇಡಂ."

*

ತಮ್ಮನ ಮಗನಿಗೆ ಮನೆಯಲ್ಲಿ 'ಸ್ಕೇಲು' ಎಂದು ಹೆಸರು. ಉದ್ದಕ್ಕೆ, ಸಣ್ಣಗೆ, ನೆಟ್ಟಗೆ ಬೆಳೆದವನಿಗೆ ದೊಡ್ಡಪ್ಪನೇ ಇಟ್ಟದ್ದು. ಏಳನೇ ವಯಸ್ಸಿಗೆ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಆ ಮನೆ ಸೇರಿದವನು. ಈಗ ಮೂವತ್ತೆರಡು. ಕಟ್ಟಡದ ನಕ್ಷೆಗಳನ್ನು ದೊಡ್ಡ ಹಾಳೆಗಳಲ್ಲಿ ಮುದ್ರಿಸಿಕೊಡುವ ಅಂಗಡಿ ಅವನದು.

ಇನ್ಸ್‌ಪೆಕ್ಟರ್ ಒಳಗೆ ಹೋದಾಗ ಮೂರೂವರೆ. ಒಂದಾಳುದ್ದದ ಮುದ್ರಣ ಯಂತ್ರ ಗರಗರ ಸದ್ದು ಮಾಡುತ್ತ ಯಾವುದೋ ಆಸ್ಪತ್ರೆಯ ನಕ್ಷೆಯನ್ನು ಇಂಚಿಂಚೇ ಹೊರಗೆ ಬಿಡುತ್ತಿತ್ತು. ಮೂಲೆಯಲ್ಲಿ ಸುತ್ತಿಟ್ಟ ಕಾಗದಗಳು ಕಟ್ಟಿಗೆಯ ಹೊರೆಯಂತೆ ನಿಂತಿದ್ದವು. ಇಡೀ ಅಂಗಡಿ ಶಾಯಿಯ ವಾಸನೆ.

"ಬನ್ನಿ ಮೇಡಂ. ಕಡತ ಮುಗೀತಾ?" ಎಂದು ಕುರ್ಚಿ ಎಳೆದ ಸ್ಕೇಲು.

"ನಿನ್ನ ದೊಡ್ಡಪ್ಪ ಮೆಮೊರಿ ಬದಲಾಯಿಸಿದ್ದು ನಿನಗೆ ಗೊತ್ತಿತ್ತಾ?"

"ಯಾವ ಮೆಮೊರಿ?"

"ಕಂಪ್ಯೂಟರಿಗೆ ಹಾಕೋದು. ಮಂಗಳವಾರ ತಂದದ್ದು ಹೊಂದಲಿಲ್ಲ. ಶುಕ್ರವಾರ ಬೇರೆ ತಂದ್ರು."

"ಇರಬಹುದು. ನಾನು ಗಮನಿಸಿಲ್ಲ."

"ಹೊಂದಲಿಲ್ಲ ಅಂತ ಅವರಿಗೆ ಗೊತ್ತಾಗಿದ್ದು ಹೇಗೆ?"

ಸ್ಕೇಲು ಉತ್ತರ ಹೇಳಲು ಬಾಯಿ ತೆರೆದ. ಲೆಕ್ಕ ಹೊಳೆಯುವುದನ್ನು ಇನ್ಸ್‌ಪೆಕ್ಟರ್ ಅವನ ಮುಖದಲ್ಲೇ ನೋಡಿದಳು.

"ಎಲ್ಲಾ ಜೋಡಿಸಿ, ಸ್ವಿಚ್ ಹಾಕಿ ನೋಡಿದ್ರಿಂದ," ಆಕೆಯೇ ಹೇಳಿದಳು. "ಶುಕ್ರವಾರ ಸಂಜೆ ಏಳಕ್ಕೆ ಆ ಕಂಪ್ಯೂಟರ್ ಜೀವಂತವಾಗಿತ್ತು. ಶನಿವಾರ ನಾಲ್ಕಕ್ಕೆ ನಮ್ಮವರು ಬಂದಾಗ ಅರ್ಧ ಬಿಚ್ಚಿ ಬಿದ್ದಿತ್ತು. ಮೆಮೊರಿ ತಪ್ಪು ಜಾಗದಲ್ಲಿ ಕೂತಿತ್ತು. ಡಿಸ್ಕ್ ಇರಲಿಲ್ಲ. ಬಿಚ್ಚಿದ ಕೈ ನಿನ್ನ ದೊಡ್ಡಪ್ಪನದಲ್ಲ. ಅವರ ಕೈ ಅಂಥ ತಪ್ಪು ಮಾಡೋದಿಲ್ಲ."

ಮುದ್ರಣ ಯಂತ್ರ ಒಂದು ಹಾಳೆ ಕತ್ತರಿಸಿ ಕೆಳಕ್ಕೆ ಬಿಟ್ಟಿತು. ಸ್ಕೇಲು ಅದನ್ನು ಎತ್ತಿಕೊಂಡು ಅಂಚು ಸರಿಮಾಡಿ ಸುತ್ತಿದ. ಬಿಚ್ಚಿದ. ಮತ್ತೆ ಸುತ್ತಿದ.

"ಮೂರು ಗಂಟೆಗೆ ಹೋದೆ ಮೇಡಂ," ಎಂದ ಕೊನೆಗೆ. "ದೊಡ್ಡಪ್ಪ ಕುರ್ಚಿಯಲ್ಲೇ ಕೂತಿದ್ರು. ನಿದ್ದೆ ಬಂದಿದೆ ಅಂದ್ಕೊಂಡೆ. ಭುಜ ಮುಟ್ಟಿದ್ರೆ ತಣ್ಣಗಿತ್ತು. ಪರದೆ ಮೇಲೆ ಪತ್ರ."

"ಎಂಥ ಪತ್ರ?"

"ಸೇತುವೆ ನಕ್ಷೆ ತಿದ್ದಿದ್ದು ನಾನೇ, ಒಂಬತ್ತು ಜೀವದ ಭಾರ ಹೊರೋಕೆ ಆಗ್ತಿಲ್ಲ ಅಂತ. ಪಕ್ಕದಲ್ಲಿ ಲೋಟ ಇತ್ತು."

"ಲೋಟ ಎಲ್ಲಿ?"

"ತೊಳೆದಿಟ್ಟೆ."

ಆ ಒಂದು ಪದ ಕೇಳಿ ಇನ್ಸ್‌ಪೆಕ್ಟರ್ ಕಣ್ಣು ಮುಚ್ಚಿಕೊಂಡಳು. ಹೃದಯ ಏಕೆ ನಿಂತಿತೆಂಬ ಪ್ರಯೋಗಾಲಯದ ವರದಿ ಇನ್ನೂ ಬಂದಿರಲಿಲ್ಲ. ಆ ಲೋಟ ಇದ್ದಿದ್ದರೆ ವರದಿಗೆ ಕಾಯಬೇಕಿರಲಿಲ್ಲ.

"ಯಾಕೆ ಹೀಗೆ ಮಾಡಿದೆ?"

"ನನಗೆ ಅಕ್ಷರ ಕಲಿಸಿದ್ದು ಅವರು. ಗೆರೆ ಎಳೆಯೋಕೆ ಕಲಿಸಿದ್ದು ಅವರು." ಸ್ಕೇಲಿನ ಧ್ವನಿ ಏರಲಿಲ್ಲ. "ಊರವರ ಬಾಯಲ್ಲಿ ಅವರು ಕೊಲೆಗಾರ ಆಗೋದು ಬೇಡ ಅನ್ನಿಸ್ತು. ಕರೆಂಟ್ ಹೊಡೆದು ಸತ್ರು ಅಂದ್ರೆ ಅಯ್ಯೋ ಪಾಪ ಅಂತಾರೆ. ಡಿಸ್ಕ್ ತೆಗೆದೆ. ಕಂಪ್ಯೂಟರ್ ಬಿಚ್ಚಿದೆ, ಮೆಮೊರಿನೂ ತೆಗೆದಿದ್ದೆ. ಆಮೇಲೆ, ಕೆಲಸ ಅರ್ಧಕ್ಕೆ ನಿಂತ ಹಾಗೆ ಕಾಣಲಿ ಅಂತ ಅದನ್ನ ಮತ್ತೆ ಕೂರಿಸಿದೆ. ತಂತಿಯ ಸಿಪ್ಪೆ ಸುಲಿದು ಅವರ ಬೆರಳ ಹತ್ರ ಇಟ್ಟು..."

"ಡಿಸ್ಕ್ ಒಡೆದು ಹಾಕಿದೆಯಾ?"

"ಕೈ ಬರಲಿಲ್ಲ. ದೊಡ್ಡಪ್ಪನ ಮೂವತ್ತು ವರ್ಷದ ಕೆಲಸ ಅದರಲ್ಲಿದೆ."

ಸುತ್ತಿಟ್ಟ ಕಾಗದಗಳ ನಡುವಿನ ಒಂದು ಕೊಳವೆಯಿಂದ ಅವನು ಬಟ್ಟೆಯ ಗಂಟು ತೆಗೆದ. ಒಳಗೆ ಅಂಗೈಯಗಲದ ಡಿಸ್ಕ್. ಅದನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ, ತಾನೇ ಪತ್ರ ತೆರೆದು ಪರದೆಯನ್ನು ಆಕೆಯ ಕಡೆ ತಿರುಗಿಸಿದ. ಹೇಗೋ ದಡ ಮುಟ್ಟಿದ ಮನುಷ್ಯನ ನಿರಾಳ ಅವನ ಮುಖದಲ್ಲಿತ್ತು.

"ಆತ್ಮಹತ್ಯೆ ಅಂತ ಬರ್ಕೊಳ್ಳಿ ಮೇಡಂ. ಸಾಕ್ಷಿ ಮುಚ್ಚಿಟ್ಟದ್ದಕ್ಕೆ ನನ್ನ ಕರ್ಕೊಂಡು ಹೋಗಿ."

ಇನ್ಸ್‌ಪೆಕ್ಟರ್ ಪತ್ರ ಓದಿದಳು. ಏಳೇ ಸಾಲು. ಮತ್ತೆ ಓದಿದಳು. 'ಸೇತುವೆ' ಎಂಬ ಪದ ಒಂದು ಕಡೆ ತಪ್ಪಾಗಿ ಬಿದ್ದಿತ್ತು, ಯಾರೂ ತಿದ್ದಿರಲಿಲ್ಲ. ಸಾಮಾನಿನ ಚೀಟಿಯನ್ನೂ ಎರಡು ಸಲ ಓದುವ ಮನುಷ್ಯ.

"ಇದನ್ನ ಬರೆಯೋಕೆ ಶುರುಮಾಡಿದ್ದು ಯಾವಾಗ ಅಂತ ಇದರಲ್ಲೇ ತಿಳಿಯುತ್ತಲ್ಲ? ಠಾಣೆಯಲ್ಲಿ ನಮ್ಮ ಗುಮಾಸ್ತ ತೋರಿಸಿದ್ದ."

ಆಕೆಯೇ ಮೌಸ್ ಹಿಡಿದು, ಪತ್ರದ ಹೆಸರಿನ ಮೇಲೆ ಒತ್ತಿ, ವಿವರ ತೆರೆದಳು. ದಿನ, ಗಂಟೆ, ನಿಮಿಷ ಎಲ್ಲಾ ಬಂತು.

ಹೋದ ಗುರುವಾರ. ಬೆಳಿಗ್ಗೆ ಹನ್ನೊಂದು ಇಪ್ಪತ್ತು.

"ಗುರುವಾರ ಹನ್ನೊಂದು ಇಪ್ಪತ್ತಕ್ಕೆ ಆ ಕಂಪ್ಯೂಟರಿಗೆ ಉಸಿರೇ ಇರಲಿಲ್ಲ," ಎಂದಳು ಇನ್ಸ್‌ಪೆಕ್ಟರ್ ನಿಧಾನವಾಗಿ. "ಅದರ ಮೆಮೊರಿ ಅಂಗಡಿಯ ಕಟ್ಟೆ ಮೇಲಿತ್ತು. ನಿನ್ನ ದೊಡ್ಡಪ್ಪ ಅದರ ಎದುರಿಗೆ ಸ್ಟೂಲಿನ ಮೇಲೆ ಕೂತು ಲಿಸ್ಟ್ ಓದ್ತಿದ್ರು. ಹತ್ತರಿಂದ ಒಂದರವರೆಗೂ."

"ಹೊಸ ಯಂತ್ರ ಅಲ್ವಾ ಮೇಡಂ. ಗಡಿಯಾರ ತಪ್ಪಿರಬಹುದು."

"ಇರಬಹುದು."

"ಎರಡು ದಿನ ಹಿಂದೆ ತೋರಿಸಿರಬಹುದು. ಹಾಗೆ ಆಗುತ್ತೆ."

"ಆಗಬಹುದು. ಹಾಗಾದ್ರೆ ಇದು ಅವರು ಬರೆದ ಪತ್ರ. ಇಲ್ಲದಿದ್ರೆ ಯಾರೋ ಬೇರೆ ಕಡೆ ಬರೆದು ತಂದು, ಸತ್ತವರ ಎದುರಿಗೆ ತೆರೆದಿಟ್ಟಿದ್ದು. ಆಗ ಆ ಲೋಟಕ್ಕೆ ಏನು ಬೆರೆಸಿತ್ತೋ, ಅದನ್ನೂ ಆ ಪತ್ರ ತಂದವರೇ ಬೆರೆಸಿದ್ದು." ಆಕೆ ಪುಟ ಕೆಳಕ್ಕೆ ಸರಿಸಿದಳು. "ಯಾವ ಕಂಪ್ಯೂಟರಲ್ಲಿ ಬರೆದದ್ದು ಅನ್ನೋದೂ ಇಲ್ಲೇ ಇರುತ್ತಂತೆ."

"ಬೇಡ ಮೇಡಂ."

ಮೆಲ್ಲಗೆ ಹೇಳಿದ್ದು. ಮುದ್ರಣ ಯಂತ್ರದ ಸದ್ದಿನಲ್ಲಿ ಅರ್ಧ ಮುಚ್ಚಿಹೋಯಿತು.

"ಏನು ಬೇಡ?"

"ಪತ್ರ ಓದಿದ್ರಲ್ಲ. ಅಷ್ಟು ಸಾಲದಾ? ಅಲ್ಲಿಗೇ ಬಿಡಿ."

ಇನ್ಸ್‌ಪೆಕ್ಟರ್ ಅವನ ಮುಖ ನೋಡಿದಳು. ಲೋಟ ತೊಳೆದದ್ದನ್ನು ಹೇಳುವಾಗ ಇಲ್ಲದ ಭಯ ಈಗ ಅಲ್ಲಿತ್ತು. ದೊಡ್ಡಪ್ಪನ ಹೆಸರು ಉಳಿಸಲು ಹೊರಟವನ ಭಯ ಅದಲ್ಲ. ಸತ್ತವರಿಗಾಗಿ ಯಾರೂ ಹಾಗೆ ಹೆದರುವುದಿಲ್ಲ, ಬದುಕಿರುವವರಿಗಾಗಿ ಹೆದರುತ್ತಾರೆ.

ಆಕೆ ಇನ್ನೊಂದು ಸಲ ಮೌಸ್ ಒತ್ತಿದಳು.

'ಬರೆದವರು' ಎಂಬುದರ ಎದುರು ಹೆಸರಿರಲಿಲ್ಲ. ಯಂತ್ರದ ಒಡೆಯರ ವಿಳಾಸವಿತ್ತು: ಬಾಲಕಿಯರ ಪ್ರೌಢಶಾಲೆ, ವಿಜ್ಞಾನ ವಿಭಾಗ.

ಅಷ್ಟು ಓದಿದ್ದೇ ತಡ, ಪರದೆ ಕಪ್ಪಾಯಿತು. ಸ್ಕೇಲು ಮೇಜಿನ ಕೆಳಗೆ ಮಂಡಿಯೂರಿದ್ದ, ಅವನ ಕೈಯಲ್ಲಿ ಕಿತ್ತ ಪ್ಲಗ್ ಇತ್ತು. ಮುದ್ರಣ ಯಂತ್ರವೂ ನಿಂತುಹೋಗಿ, ಆಸ್ಪತ್ರೆಯ ನಕ್ಷೆ ಅರ್ಧಕ್ಕೇ ಜೋತುಬಿದ್ದಿತು. ಹೊರಗೆ ಯಾರೋ ಗಾಡಿ ನಿಲ್ಲಿಸಿದ ಸದ್ದು ಒಳಗೆ ಸ್ಪಷ್ಟವಾಗಿ ಕೇಳಿತು.

"ಪತ್ರ ನಿನ್ನ ಅಕ್ಕನ ಶಾಲೆಯಲ್ಲಿ ಬರೆದದ್ದು ಅಂತ ಎಂದಿನಿಂದ ಗೊತ್ತು ನಿನಗೆ?"

"ಶನಿವಾರ. ಡಿಸ್ಕ್ ತೆಗೆಯೋ ಮೊದಲು ನೋಡಿದೆ."

"ಅವಳೇ ನನ್ನ ಹತ್ರ ಬಂದು ತನಿಖೆ ಮಾಡಿ ಅಂತ ಕೇಳಿಕೊಂಡವಳು. ಇಟ್ಟ ಪತ್ರ ಎಲ್ಲಿ ಹೋಯ್ತು ಅಂತ ಹುಡುಕಿಸೋಕೆ ಇರಬಹುದು. ಅದು ಗೊತ್ತಾ?"

ಅದು ಅವನಿಗೆ ಗೊತ್ತಿರಲಿಲ್ಲ. ಮೊದಲ ಸಲ ಅವನು ತಲೆಯೆತ್ತಿ ಆಕೆಯನ್ನು ನೇರವಾಗಿ ನೋಡಿದ. ಆಮೇಲೆ ಮಂಡಿ ಮೇಲಿದ್ದ ಹಾಗೆಯೇ ಎರಡೂ ಕೈ ಮುಂದೆ ಚಾಚಿದ.

"ಅಕ್ಕ ಏನೂ ಮಾಡಿಲ್ಲ," ಎಂದ. "ದೊಡ್ಡಪ್ಪನ್ನ ಕೊಂದಿದ್ದು ನಾನು. ಹಾಗೇ ಬರ್ಕೊಳ್ಳಿ ಮೇಡಂ, ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ."